ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕೆನಡಾದಲ್ಲಿ ಮನೆ ಬಾಡಿಗೆ ಯಾಕೆ ಈ ಪಾಟಿ ಏರಿತು ಅಂತ ಯಾರನ್ನಾದರೂ ಕೇಳಿ ನೋಡಿ. ಉತ್ತರ ರೆಡಿ ಇರುತ್ತೆ: ಸ್ಟೂಡೆಂಟ್‌ಗಳು. ಅದರಲ್ಲೂ ಇಂಡಿಯಾದಿಂದ ಬಂದ ಸ್ಟೂಡೆಂಟ್‌ಗಳು. ಕನ್ಸರ್ವೇಟಿವ್ ಪಕ್ಷದವರು ಇದನ್ನ ಜೋರಾಗಿ ಹೇಳ್ತಾರೆ, ಲಿಬರಲ್ ಪಕ್ಷದವರು ಮೆತ್ತಗೆ ಹೇಳ್ತಾರೆ. ಹದಿನೈದು ವರ್ಷದ ಹಿಂದೆ ಹೋಗಿ ಮಿಸ್ಸಿಸ್ಸಾಗದಲ್ಲಿ ಮನೆ ಮಾಡಿಕೊಂಡ ನಮ್ಮವರೂ ಹೇಳ್ತಾರೆ. ಬೆಂಗಳೂರಲ್ಲಿ ಕೂತು ಪಿಆರ್‌ಗೆ ಎಷ್ಟು ಪಾಯಿಂಟ್ ಬರುತ್ತೆ ಅಂತ ಲೆಕ್ಕ ಹಾಕ್ತಿರೋ ಗೆಳೆಯರೂ ಊಟದ ಟೇಬಲ್ಲಲ್ಲಿ ಹೇಳೋದು ಇದನ್ನೇ: "ಆ ಡಿಪ್ಲೊಮಾ ಕಾಲೇಜಿಗೆ ಹೋದೋರೆಲ್ಲ ಸೇರಿ ಕೆಡಿಸಿಬಿಟ್ರು ಗುರು. ಇಲ್ಲಾಂದ್ರೆ ನಮಗೆ ಈಸಿ ಇತ್ತು."

ಇದು ಸುಳ್ಳು. ಅರ್ಧಸತ್ಯದ ಅಂಗಿ ಹಾಕಿಕೊಂಡು ಬಂದಿರೋದರಿಂದ ಬೇಗ ಗೊತ್ತಾಗಲ್ಲ ಅಷ್ಟೇ. ಮನೆ ಕಟ್ಟೋದನ್ನ ನಿಲ್ಲಿಸಿದ್ದು ಒಬ್ಬರು, ಬಾಡಿಗೆಯ ಕಡಿವಾಣ ಬಿಚ್ಚಿದ್ದು ಇನ್ನೊಬ್ಬರು, ಕಾಲೇಜಿಗೆ ದುಡ್ಡು ಕೊಡದೆ ಹುಡುಗರ ಫೀಸಲ್ಲಿ ಸಂಸಾರ ನಡೆಸಿಕೊಳ್ಳಿ ಅಂದಿದ್ದು ಮತ್ತೊಬ್ಬರು. ಲೆಕ್ಕ ಕೊಡೋ ಹೊತ್ತಿಗೆ ಎಲ್ಲರೂ ಬೆರಳು ತೋರಿಸಿದ್ದು ಮಾತ್ರ ವೋಟಿಲ್ಲದ ಇಪ್ಪತ್ತು ವರ್ಷದ ಹುಡುಗನ ಕಡೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯೋದು ಅಂತಾರಲ್ಲ, ಅದೇ ಇದು.

ಕೆನಡಾ ಅಂದ ತಕ್ಷಣ ನಮಗೆ ನೆನಪಾಗೋದು ಒಂದು ವೀಡಿಯೊ. 2022ರ ಮೇ ತಿಂಗಳಲ್ಲಿ ಸಿರಾ ತಾಲ್ಲೂಕಿನ ದ್ವಾರಾಳು ಮೂಲದ ಸಂಸದ ಚಂದ್ರ ಆರ್ಯ ಒಟ್ಟಾವಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರು. ನಾವೆಲ್ಲ ಹಂಚಿಕೊಂಡೆವು, ಖುಷಿಪಟ್ಟೆವು, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಗಮನ ಅಲ್ಲಿಗೇ ನಿಂತುಬಿಡ್ತು. ಅದೇ ವರ್ಷ ನವೆಂಬರ್ 15ರಿಂದ ಅದೇ ಊರಿನ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಮೇಲಿದ್ದ ವಾರಕ್ಕೆ 20 ಗಂಟೆ ಕೆಲಸದ ಮಿತಿಯನ್ನ ತೆಗೆದುಹಾಕಿತು. ಅಂಗಡಿ, ಹೋಟೆಲ್, ಗೋದಾಮುಗಳಿಗೆ ಆಳು ಸಿಗ್ತಿಲ್ಲ ಅನ್ನೋದೇ ಕಾರಣ. ಓದೋಕೆ ಕರೆಸಿಕೊಂಡ ಹುಡುಗನಿಗೆ "ಎಷ್ಟು ಹೊತ್ತು ಬೇಕಾದರೂ ದುಡಿ" ಅಂದಾಗ ಅವನನ್ನ ಏನಂತ ಕರೆಸಿಕೊಂಡಿದ್ದು ಅನ್ನೋದು ಸ್ಪಷ್ಟವಾಗಬೇಕಿತ್ತು. ಆ ಸುದ್ದಿಯನ್ನ ನಮ್ಮಲ್ಲಿ ಎಷ್ಟು ಜನ ಹಂಚಿಕೊಂಡರು?

ಮೊದಲು ಮನೆ ಬೆಲೆಯ ವಿಷಯ. ಎಂಜಿನಿಯರ್‌ಗಳಿಗೆ ಗೊತ್ತಿರೋ ಸರಳ ಪರೀಕ್ಷೆ ಒಂದಿದೆ. ಯಾವುದರಿಂದ ತೊಂದರೆ ಅಂತ ಅನುಮಾನವೋ ಅದನ್ನ ಆಫ್ ಮಾಡಿ ನೋಡು, ತೊಂದರೆ ನಿಲ್ಲುತ್ತಾ? ಕೆನಡಾದಲ್ಲಿ ಈ ಪರೀಕ್ಷೆ ತಾನಾಗಿಯೇ ನಡೆದುಹೋಗಿದೆ. 2020ರಲ್ಲಿ ಕೋವಿಡ್ ಬಂದು ಗಡಿ ಮುಚ್ಚಿತು. ಆ ವರ್ಷ ಪಿಆರ್ ಪಡೆದವರು ಸುಮಾರು 1.84 ಲಕ್ಷ, ಅದಕ್ಕೂ ಹಿಂದಿನ ವರ್ಷ ಪಡೆದವರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಹೊಸ ವಿದ್ಯಾರ್ಥಿಗಳೂ ಕಡಿಮೆಯಾದರು. ಹಾಗಾದರೆ ಮನೆ ಬೆಲೆ ಇಳಿಯಬೇಕಿತ್ತು ತಾನೇ? 2020ರ ಫೆಬ್ರವರಿಯಲ್ಲಿ ಮಾರಾಟವಾದ ಮನೆಗಳ ಸರಾಸರಿ ಬೆಲೆ ಸುಮಾರು 5.4 ಲಕ್ಷ ಕೆನಡಾ ಡಾಲರ್ ಇತ್ತು. 2022ರ ಫೆಬ್ರವರಿಗೆ ಅದು 8.16 ಲಕ್ಷಕ್ಕೆ ಹೋಗಿ ನಿಂತಿತ್ತು. ಎರಡು ವರ್ಷಕ್ಕೆ ಶೇ. 50ರಷ್ಟು ಏರಿಕೆ! ಬ್ಯಾಂಕ್ ಆಫ್ ಕೆನಡಾ ಬಡ್ಡಿ ದರವನ್ನ ಶೇ. 0.25ಕ್ಕೆ ಇಳಿಸಿತ್ತು. ಸಾಲ ಅಗ್ಗವಾಯಿತು, ಒಂದು ಮನೆ ಇದ್ದವರು ಅದನ್ನ ಅಡ ಇಟ್ಟು ಎರಡನೆಯದನ್ನ ತಗೊಂಡರು. ಹೆಲ್ಮೆಟ್ ಹಾಕಿಕೊಂಡು ಸೈಕಲ್ ಮೇಲೆ ಪಿಜ್ಜಾ ಹಂಚೋ ಹುಡುಗ ಈ ಹರಾಜಿಗೆ ಬಂದಿರಲಿಲ್ಲ.

ಇದರ ಬೇರು ಇನ್ನೂ ಹಿಂದಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಕೆನಡಾ ಸರ್ಕಾರ ತಾನೇ ಮುಂದೆ ನಿಂತು ಕಾರ್ಖಾನೆ ಕೆಲಸಗಾರರಿಗೆ, ವಾಪಸ್ ಬಂದ ಸೈನಿಕರಿಗೆ ಹತ್ತಾರು ಸಾವಿರ ಮನೆ ಕಟ್ಟಿಸಿತು. ಆ ಪುಟ್ಟ ಮನೆಗಳು ಇವತ್ತಿಗೂ ಅಲ್ಲಿನ ಹಳೇ ಬೀದಿಗಳಲ್ಲಿ ಕಾಣಸಿಗ್ತವೆ. 1946ರಲ್ಲಿ ವಸತಿಗೆ ಅಂತಲೇ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು, ಸಿಎಂಎಚ್‌ಸಿ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಸರ್ಕಾರದ ನೆರವಿನ ಕಡಿಮೆ ಬಾಡಿಗೆಯ ಮನೆಗಳು, ಸಹಕಾರಿ ವಸತಿಗಳು ವರ್ಷಕ್ಕೆ ಸುಮಾರು 20 ಸಾವಿರದಂತೆ ಏಳ್ತಿದ್ದವು. ಮಾರುಕಟ್ಟೆಯಲ್ಲಿ ಬಾಡಿಗೆ ಏರಿದರೂ ಸಾಮಾನ್ಯ ಸಂಬಳದವನಿಗೆ ಹೋಗೋಕೆ ಒಂದು ಜಾಗ ಇತ್ತು.

1993ರ ಬಜೆಟ್‌ನಲ್ಲಿ ಬ್ರಯಾನ್ ಮಲ್ರೋನಿಯವರ ಕನ್ಸರ್ವೇಟಿವ್ ಸರ್ಕಾರ ಹೊಸ ಸಾಮಾಜಿಕ ವಸತಿಗೆ ಹಣ ಕೊಡೋದನ್ನ ನಿಲ್ಲಿಸಿತು. ಬಲಪಂಥದವರು ಮಾಡಿದ್ದು, ಆಶ್ಚರ್ಯ ಏನಿಲ್ಲ. ಆಶ್ಚರ್ಯ ಮುಂದಿದೆ. 1990ರಲ್ಲಿ ವಿರೋಧ ಪಕ್ಷದಲ್ಲಿದ್ದಾಗ ಲಿಬರಲ್ ಪಕ್ಷದ ಪಾಲ್ ಮಾರ್ಟಿನ್ ವಸತಿ ಬಗ್ಗೆ ಒಂದು ವರದಿಗೆ ಸಹ ಲೇಖಕರಾಗಿದ್ದರು. ಯೋಗ್ಯವಾದ ಮನೆ ಎಲ್ಲರ ಹಕ್ಕು, ಕೇಂದ್ರ ಸರ್ಕಾರ ಕೈ ಚೆಲ್ಲಬಾರದು ಅನ್ನೋದು ಅದರ ಸಾರ. ಮೂರೇ ವರ್ಷಕ್ಕೆ ಅದೇ ಮಾರ್ಟಿನ್ ಹಣಕಾಸು ಮಂತ್ರಿಯಾದರು. ನಿಂತುಹೋಗಿದ್ದ ಹಣ ಮತ್ತೆ ಬರಲಿಲ್ಲ. 1996ರಲ್ಲಿ ಇದ್ದ ಸಾಮಾಜಿಕ ವಸತಿಯ ಜವಾಬ್ದಾರಿಯನ್ನೂ ಪ್ರಾಂತ್ಯಗಳ ತಲೆಗೆ ಕಟ್ಟುವ ತೀರ್ಮಾನವಾಯಿತು. ಅಷ್ಟರಲ್ಲಿ ಒಂಟಾರಿಯೊದಲ್ಲಿ ಮೈಕ್ ಹ್ಯಾರಿಸ್ ಸರ್ಕಾರ ಬಂದು, ಮಂಜೂರಾಗಿದ್ದ ಸುಮಾರು 17 ಸಾವಿರ ಸಹಕಾರಿ ಮತ್ತು ಲಾಭರಹಿತ ಮನೆಗಳನ್ನ ಒಂದೇ ಏಟಿಗೆ ರದ್ದು ಮಾಡಿತ್ತು. ಒಟ್ಟಾವಾ ಪ್ರಾಂತ್ಯಕ್ಕೆ ದಾಟಿಸಿತು, ಪ್ರಾಂತ್ಯ ನಗರಸಭೆಗೆ ದಾಟಿಸಿತು. ಆಗ ಇವತ್ತಿನ ಸ್ಟೂಡೆಂಟ್‌ಗಳು ಇನ್ನೂ ಹುಟ್ಟೇ ಇರಲಿಲ್ಲ.

ಕಟ್ಟೋದು ನಿಂತ ಮೇಲೆ ಉಳಿದಿದ್ದು ಬಾಡಿಗೆ ನಿಯಂತ್ರಣ. ಅದನ್ನೂ ಒಂಟಾರಿಯೊದ ಡಗ್ ಫೋರ್ಡ್ ಸರ್ಕಾರ ಸಡಿಲಿಸಿತು. 2018ರ ನವೆಂಬರ್ 15ರ ನಂತರ ಮೊದಲ ಸಲ ಬಾಡಿಗೆಗೆ ಬಂದ ಮನೆಗಳಿಗೆ ವಾರ್ಷಿಕ ಏರಿಕೆಯ ಮಿತಿ ಅನ್ವಯಿಸಲ್ಲ. ಅಂದರೆ ಹೊಸ ಕಟ್ಟಡದಲ್ಲಿರೋ ನಿಮ್ಮ ಬಾಡಿಗೆ ಮುಂದಿನ ವರ್ಷ ಎಷ್ಟಾಗುತ್ತೆ ಅನ್ನೋದು ಮಾಲೀಕನ ಮನಸ್ಸಿಗೆ ಬಿಟ್ಟಿದ್ದು. ಇನ್ನು ಟೊರೊಂಟೊ ನಗರದ ವಸತಿ ಜಾಗದಲ್ಲಿ ಬಹುಪಾಲು ಕಡೆ ಒಂದು ಸೈಟಿಗೆ ಒಂದೇ ಒಂಟಿ ಮನೆ ಅನ್ನೋ ನಿಯಮ ದಶಕಗಟ್ಟಲೆ ಇತ್ತು. ನಾಲ್ಕು ಮನೆಯ ಸಣ್ಣ ಕಟ್ಟಡವನ್ನ ಊರಿಡೀ ಕಟ್ಟಬಹುದು ಅಂತ ಒಪ್ಪಿದ್ದೇ 2023ರ ಮೇ ತಿಂಗಳಲ್ಲಿ. ಜನ ಬೇಕು, ಅವರ ದುಡಿಮೆ ಬೇಕು, ಆದರೆ ನಮ್ಮ ಬೀದಿಯಲ್ಲಿ ಅವರಿಗೆ ಮನೆ ಬೇಡ ಅನ್ನೋ ಮನಸ್ಸಿನ ಕಾನೂನು ರೂಪ ಅದು. ಈ ಬೀದಿಗಳಲ್ಲಿ "ಎಲ್ಲರಿಗೂ ಸ್ವಾಗತ" ಅನ್ನೋ ಬೋರ್ಡು ಹುಲ್ಲುಹಾಸಿನ ಮೇಲೆ ಚುಚ್ಚಿರ್ತಾರೆ ಅನ್ನೋದನ್ನೂ ಮರೆಯಬೇಡಿ.

ಈಗ ಕಾಲೇಜುಗಳ ಕಥೆ. 2019ರಲ್ಲಿ ಅದೇ ಫೋರ್ಡ್ ಸರ್ಕಾರ ಸ್ಥಳೀಯ ವಿದ್ಯಾರ್ಥಿಗಳ ಫೀಸನ್ನ ಶೇ. 10 ಇಳಿಸಿತು, ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಲ್ಲಿಸಿತು. ಕೇಳೋಕೆ ಬಡವರ ಪರ. ಆದರೆ ಆ ಕೊರತೆಯನ್ನ ಸರ್ಕಾರ ತುಂಬಿಕೊಡಲಿಲ್ಲ. ಕಾಲೇಜುಗಳಿಗೆ ವಿದ್ಯಾರ್ಥಿ ಲೆಕ್ಕದಲ್ಲಿ ಅತಿ ಕಡಿಮೆ ಅನುದಾನ ಕೊಡ್ತಿದ್ದ ಪ್ರಾಂತ್ಯ ಒಂಟಾರಿಯೊ. ಹಾಗಾದರೆ ಖರ್ಚಿಗೆ ಎಲ್ಲಿಂದ ತರೋದು? ಫೀಸಿಗೆ ಮಿತಿಯೇ ಇಲ್ಲದ ಒಂದು ವರ್ಗ ಇತ್ತಲ್ಲ, ವಿದೇಶಿ ವಿದ್ಯಾರ್ಥಿಗಳು. ದೇಶದ ಒಟ್ಟು ಲೆಕ್ಕ ನೋಡಿದರೆ 2023-24ರಲ್ಲಿ ಪದವಿ ಓದೋ ಸ್ಥಳೀಯ ವಿದ್ಯಾರ್ಥಿಗೆ ವರ್ಷಕ್ಕೆ ಸರಾಸರಿ 7 ಸಾವಿರ ಡಾಲರ್ ಫೀಸಿದ್ದರೆ, ಹೊರಗಿನವನಿಗೆ ಸುಮಾರು 38 ಸಾವಿರ ಇತ್ತು. ಒಂಟಾರಿಯೊದ ಮಹಾಲೇಖಪಾಲರು 2021ರಲ್ಲಿ ಸರ್ಕಾರಿ ಕಾಲೇಜುಗಳ ಲೆಕ್ಕ ತೆಗೆದಾಗ ಕಂಡಿದ್ದು ಇದು: ವಿದ್ಯಾರ್ಥಿಗಳಲ್ಲಿ ವಿದೇಶಿಯರು ಶೇ. 30, ಫೀಸಿನ ಆದಾಯದಲ್ಲಿ ಅವರ ಪಾಲು ಶೇ. 68. ಆ ವಿದೇಶಿಯರಲ್ಲಿ ಶೇ. 62ರಷ್ಟು ಇಂಡಿಯಾದವರು. ಒಂದೇ ದೇಶದ ಮೇಲೆ ಇಷ್ಟು ಅವಲಂಬಿಸೋದು ಅಪಾಯ ಅಂತ ಅವರು ಆಗಲೇ ಬರೆದಿದ್ದರು.

ಇದನ್ನ ಇನ್ನೊಂಥರ ಓದಿ. ಒಂಟಾರಿಯೊದ ಹುಡುಗರ ಕಾಲೇಜು ನಡೆಸೋಕೆ ಸಬ್ಸಿಡಿ ಕೊಟ್ಟಿದ್ದು ಪಂಜಾಬಿನಲ್ಲಿ ಎರಡು ಎಕರೆ ಮಾರಿದ ಅಪ್ಪ. ಕರ್ನಾಟಕದಲ್ಲಿ ಅಡಿಕೆ ತೋಟದ ಪತ್ರ ಬ್ಯಾಂಕಿಗೆ ಕೊಟ್ಟವರೂ ಇದ್ದಾರೆ. ಶ್ರೀಮಂತ ದೇಶವೊಂದು ತನ್ನ ಶಿಕ್ಷಣದ ಬಿಲ್ಲನ್ನ ನಮ್ಮ ಹಳ್ಳಿಗಳಿಗೆ ಕಳಿಸಿತ್ತು. ನಾವು ಕಟ್ಟಿದೆವು.

ದಂಧೆ ಹೇಗೆ ಬೆಳೀತು ನೋಡಿ. ಒಂಟಾರಿಯೊದ ಉತ್ತರದ ಸಣ್ಣ ಊರುಗಳ ಸರ್ಕಾರಿ ಕಾಲೇಜುಗಳು ತಮ್ಮ ಹೆಸರು, ಪಠ್ಯಕ್ರಮವನ್ನ ಟೊರೊಂಟೊ ಸುತ್ತಮುತ್ತಲಿನ ಖಾಸಗಿ ಕಾಲೇಜುಗಳಿಗೆ ಕೊಟ್ಟು, ಬಂದ ಫೀಸಲ್ಲಿ ಪಾಲು ತಗೊಳ್ಳೋಕೆ ಶುರುಮಾಡಿದವು. 2023ರ ಬೇಸಿಗೆಯಲ್ಲಿ ಇಂಥದ್ದೇ ಒಂದು ಒಪ್ಪಂದದಲ್ಲಿದ್ದ ನಾರ್ದರ್ನ್ ಕಾಲೇಜು, ವೀಸಾ ಎಲ್ಲ ಮುಗಿದು ಟಿಕೆಟ್ ಬುಕ್ ಮಾಡಿ ಕೂತಿದ್ದವರೂ ಸೇರಿ ಸುಮಾರು 500 ಜನರ ಪ್ರವೇಶವನ್ನ ರದ್ದು ಮಾಡಿತು. ಸೀಟಿಗಿಂತ ಜಾಸ್ತಿ ಆಫರ್ ಲೆಟರ್ ಹಂಚಿದ್ದರು, ಅಷ್ಟೇ ವಿಷಯ. ಕಿಚನರ್ ಊರಿನ ಕಾನೆಸ್ಟೋಗ ಅನ್ನೋ ಸರ್ಕಾರಿ ಕಾಲೇಜು 2023-24ರಲ್ಲಿ ಉಳಿಸಿದ ಹಣ ಸುಮಾರು 25 ಕೋಟಿ ಡಾಲರ್. ಆ ಊರಲ್ಲಿ ಒಂದು ಬೇಸ್‌ಮೆಂಟಿನಲ್ಲಿ ಎಷ್ಟು ಹುಡುಗರು ಹಾಸಿಗೆ ಹಂಚಿಕೊಂಡು ಮಲಗ್ತಿದ್ದಾರೆ ಅಂತ ಪೇಪರುಗಳು ಬರೀತಿದ್ದವು. 25 ಕೋಟಿ ಡಾಲರಿಗೆ ಎಷ್ಟು ಹಾಸ್ಟೆಲ್ ಆಗುತ್ತಿತ್ತು ಅನ್ನೋ ಪ್ರಶ್ನೆಯನ್ನ ಅಷ್ಟೇ ಜೋರಾಗಿ ಯಾರೂ ಕೇಳಲಿಲ್ಲ.

ಇಡೀ ನಾಟಕವನ್ನ ಒಬ್ಬ ಮಂತ್ರಿಯ ಎರಡು ಖಾತೆಗಳಲ್ಲಿ ನೋಡಬಹುದು. 2022ರಲ್ಲಿ ವಲಸೆ ಮಂತ್ರಿಯಾಗಿ ಆ 20 ಗಂಟೆ ಮಿತಿ ತೆಗೆದವರು ಶಾನ್ ಫ್ರೇಸರ್. 2023ರ ಜುಲೈನಲ್ಲಿ ಅವರನ್ನ ವಸತಿ ಮಂತ್ರಿ ಮಾಡಿದರು. ಆಗಸ್ಟ್‌ನಲ್ಲೇ ಅವರು, ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕೋದನ್ನ ಯೋಚಿಸಬೇಕಾಗುತ್ತೆ ಅಂದರು. ಕುರ್ಚಿ ಬದಲಾಯಿತು, ಅತಿಥಿ ಹೊರೆಯಾದ. 2024ರ ಜನವರಿ 22ಕ್ಕೆ ಅವರ ನಂತರ ಬಂದ ವಲಸೆ ಮಂತ್ರಿ ಮಾರ್ಕ್ ಮಿಲ್ಲರ್ ಮಿತಿ ಘೋಷಿಸಿದರು: ಹೊಸ ಸ್ಟಡಿ ಪರ್ಮಿಟ್‌ಗಳಲ್ಲಿ ಶೇ. 35 ಕಡಿತ. ಮುಂದಿನ ವರ್ಷ ಇನ್ನೂ ಕಡಿತ. 2025ರ ನವೆಂಬರ್‌ನ ಬಜೆಟ್‌ನಲ್ಲಿ ಮಾರ್ಕ್ ಕಾರ್ನಿ ಸರ್ಕಾರ 2026ಕ್ಕೆ ಹೊಸ ವಿದ್ಯಾರ್ಥಿಗಳ ಸಂಖ್ಯೆಯನ್ನ 1.55 ಲಕ್ಷಕ್ಕೆ ಇಳಿಸಿತು.

"ಸರಿ, ಆದರೆ ಸಂಖ್ಯೆ ಜಾಸ್ತಿಯಾಗಿದ್ದು ನಿಜ ತಾನೇ?" ಅಂತೀರಿ. ನಿಜ. 2015ರಲ್ಲಿ ಸ್ಟಡಿ ಪರ್ಮಿಟ್ ಇದ್ದವರು ಸುಮಾರು ಮೂರೂವರೆ ಲಕ್ಷ, 2023ರ ಕೊನೆಗೆ ಹತ್ತು ಲಕ್ಷ ದಾಟಿದ್ದರು. ಮನೆ ಕಟ್ಟದ ಊರಿಗೆ ಅಷ್ಟು ಜನ ಬಂದರೆ ಬಾಡಿಗೆ ಏರುತ್ತೆ. ಸಂಖ್ಯೆ ಇಳಿದ ಮೇಲೆ ಹೊಸ ಬಾಡಿಗೆಗಳು ಒಂದಿಷ್ಟು ಇಳಿದಿದ್ದೂ ಹೌದು. ಆದರೆ ಸ್ಟಡಿ ಪರ್ಮಿಟ್ ಯಾರೂ ಗೋಡೆ ಹಾರಿ ತಗೊಂಡು ಬರೋ ವಸ್ತುವಲ್ಲ. ಪ್ರತಿಯೊಂದಕ್ಕೂ ಸರ್ಕಾರದ ಅನುಮೋದನೆ ಇದೆ. ಒಂದೊಂದಕ್ಕೂ ಕಾಲೇಜು ಫೀಸು ವಸೂಲಿ ಮಾಡಿದೆ. ಕರೆದವನು ಮನೆ ಕಟ್ಟಿಸಲಿಲ್ಲ ಅನ್ನೋದು ಬಂದವನ ತಪ್ಪಾಗೋದು ಹೇಗೆ? ಮದುವೆಗೆ ಎರಡು ಸಾವಿರ ಪತ್ರ ಹಂಚಿ, ಐನೂರು ಜನರಿಗೆ ಅಡುಗೆ ಮಾಡಿಸಿ, ಊಟ ಸಾಲದೆ ಹೋದಾಗ "ಬಕಾಸುರರ ಥರ ತಿಂದರು" ಅಂತ ನೆಂಟರನ್ನ ಬೈಯೋ ಯಜಮಾನನನ್ನ ನಮ್ಮೂರಲ್ಲಿ ಯಾರೂ ಮರ್ಯಾದಸ್ಥ ಅನ್ನಲ್ಲ.

ಮಿತಿ ಹಾಕಿದ್ದರಿಂದ ಸ್ಥಳೀಯರಿಗಾದರೂ ಒಳ್ಳೆಯದಾಯಿತಾ? ಫೀಸು ನಿಂತ ಕೂಡಲೇ ಒಂಟಾರಿಯೊದ ಕಾಲೇಜುಗಳು ಕುಸಿದವು. 600ಕ್ಕೂ ಹೆಚ್ಚು ಕೋರ್ಸ್‌ಗಳು ರದ್ದಾದವು ಅಥವಾ ನಿಂತವು, ಸುಮಾರು 10 ಸಾವಿರ ನೌಕರರಿಗೆ ಮನೆ ದಾರಿ ತೋರಿಸಲಾಯಿತು ಅಂತ 2025ರಲ್ಲಿ ಅಲ್ಲಿನ ನೌಕರರ ಸಂಘ ಲೆಕ್ಕ ಕೊಟ್ಟಿತು. ಕೋರ್ಸ್ ಕಳಕೊಂಡವರು ಯಾರು? ಅಲ್ಲಿನ ಸಣ್ಣ ಊರಿನ, ಸಾಧಾರಣ ಮನೆಯ ಹುಡುಗರು. ಯಾರನ್ನ ಕಾಪಾಡ್ತೀವಿ ಅಂತ ಬರೆ ಎಳೆದರೋ ಅವರಿಗೂ ಬಿತ್ತು.

ಇಲ್ಲಿ ಪ್ರಗತಿಪರರನ್ನೂ ಸುಮ್ಮನೆ ಬಿಡೋಕಾಗಲ್ಲ. 2021, 22, 23ರಲ್ಲಿ ಬಾಡಿಗೆ ಏರ್ತಾ ಇದ್ದಾಗ, ಇಷ್ಟು ಜನ ಎಲ್ಲಿ ಇರ್ತಾರೆ ಅಂತ ಯಾರಾದರೂ ಕೇಳಿದರೆ ಟ್ರುಡೊ ಸರ್ಕಾರದ ಅಭಿಮಾನಿಗಳ ಹತ್ತಿರ ಒಂದೇ ಉತ್ತರ ಇತ್ತು: ನೀನು ಜನಾಂಗದ್ವೇಷಿ. ಕೇಳಿದವರಲ್ಲಿ ದ್ವೇಷಿಗಳಿದ್ದರು, ಇಲ್ಲ ಅನ್ನಲ್ಲ. ಆದರೆ ತಿಂಗಳ ಸಂಬಳದ ಅರ್ಧ ಬಾಡಿಗೆಗೆ ಸುರಿಯೋ ನರ್ಸ್ ಕೂಡ ಅದೇ ಪ್ರಶ್ನೆ ಕೇಳ್ತಿದ್ದಳು. ಅವಳಿಗೆ ಉತ್ತರ ಕೊಡದೆ ಪಾಠ ಹೇಳಿದರು. ಪಿಯರ್ ಪೊಯಿಲಿವ್ರ್ ಬಂದು ಮನೆ ಬಗ್ಗೆ ಮಾತಾಡಿದರು, ಜನ ಆ ಕಡೆ ತಿರುಗಿದರು. 2024ರ ಎನ್ವಿರಾನಿಕ್ಸ್ ಸಮೀಕ್ಷೆಯಲ್ಲಿ ಶೇ. 58ರಷ್ಟು ಜನ ವಲಸೆ ಅತಿಯಾಗಿದೆ ಅಂದರು. ಕಾರ್ಮಿಕರ ಪಕ್ಷ ಅಂತ ಹೆಸರಾದ ಎನ್‌ಡಿಪಿ 2025ರ ಏಪ್ರಿಲ್ ಚುನಾವಣೆಯಲ್ಲಿ 7 ಸೀಟಿಗೆ ಇಳಿಯಿತು. ಲಿಬರಲ್ ಸರ್ಕಾರದ ಕೈಹಿಡಿದು ಹಲ್ಲಿನ ಚಿಕಿತ್ಸೆಯ ಯೋಜನೆ ತರಿಸಿದ ಪಕ್ಷ ಅದು, ಒಳ್ಳೆಯ ಕೆಲಸ. ಆದರೆ ತಲೆ ಮೇಲೆ ಸೂರಿಲ್ಲದವನಿಗೆ ಹಲ್ಲಿನ ಬಗ್ಗೆ ಮಾತ್ರ ಹೇಳಿದರೆ ಆಗಲ್ಲ. ಸ್ವಾಗತ ಅನ್ನೋದು ಭಾಷಣದಲ್ಲಿ ಬರೋ ಗುಣ ಅಲ್ಲ. ಅದಕ್ಕೆ ಇಟ್ಟಿಗೆ, ಮರ, ದುಡ್ಡು ಬೇಕು. ದುಡ್ಡು ಹಾಕದ ಸ್ವಾಗತ ಕೊನೆಗೆ ಬಲಪಂಥಕ್ಕೇ ಗೊಬ್ಬರ.

ಕೆನಡಾಕ್ಕೆ ಈ ಚಾಳಿ ಹೊಸದೇನಲ್ಲ. 1880ರ ದಶಕದಲ್ಲಿ ಪೆಸಿಫಿಕ್ ರೈಲು ಮಾರ್ಗ ಹಾಕೋಕೆ ಸುಮಾರು 15 ಸಾವಿರ ಚೀನೀ ಕೂಲಿಗಳನ್ನ ತರಿಸಿದರು. ಬೆಟ್ಟ ಸೀಳುವಾಗ ನೂರಾರು ಜನ ಸತ್ತರು. 1885ರಲ್ಲಿ ಹಳಿ ಮುಗಿಯಿತು, ಅದೇ 1885ರಲ್ಲಿ ಚೀನೀಯರ ಮೇಲೆ ತಲೆಗಂದಾಯ ಬಂತು. ಮೊದಲು 50 ಡಾಲರ್, 1903ಕ್ಕೆ 500, 1923ಕ್ಕೆ ಹೆಚ್ಚುಕಮ್ಮಿ ಪೂರ್ತಿ ನಿಷೇಧ. 1914ರಲ್ಲಿ ಕೊಮಗಾಟ ಮಾರು ಹಡಗಲ್ಲಿ 376 ಜನ, ಬಹುತೇಕ ಪಂಜಾಬಿಗಳು, ವ್ಯಾಂಕೂವರ್‌ಗೆ ಹೋದರೆ ಎರಡು ತಿಂಗಳು ಬಂದರಲ್ಲೇ ನಿಲ್ಲಿಸಿ ವಾಪಸ್ ಅಟ್ಟಿದರು. ಇವೆರಡಕ್ಕೂ ಮುಂದೆ ಪ್ರಧಾನಿಗಳು ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದ್ದಾರೆ: 2006ರಲ್ಲಿ ಹಾರ್ಪರ್, 2016ರಲ್ಲಿ ಟ್ರುಡೊ. ನೂರು ವರ್ಷ ಬಿಟ್ಟು ಕಣ್ಣೀರು ಹಾಕೋದರಲ್ಲಿ ಆ ದೇಶ ನಿಸ್ಸೀಮ. ಇವತ್ತಿನ ತಾತ್ಕಾಲಿಕ ವಿದೇಶಿ ಕೆಲಸಗಾರರ ಯೋಜನೆಯಲ್ಲಿ ಬಹುಪಾಲು ಜನರ ಪರ್ಮಿಟ್ ಒಬ್ಬನೇ ಮಾಲೀಕನಿಗೆ ಕಟ್ಟಿರುತ್ತೆ, ಕೆಲಸ ಬಿಟ್ಟರೆ ದೇಶದಲ್ಲಿ ಉಳಿಯೋ ಆಧಾರವೂ ಅಲುಗಾಡುತ್ತೆ. ವಿಶ್ವಸಂಸ್ಥೆಯ ವಿಶೇಷ ವರದಿಗಾರ ತೊಮೊಯಾ ಒಬೊಕಾಟಾ 2023ರಲ್ಲಿ ಇದನ್ನ ಆಧುನಿಕ ಗುಲಾಮಗಿರಿ ಹುಟ್ಟೋ ಜಾಗ ಅಂತ ಕರೆದರು. ಇದಕ್ಕೆ ಕ್ಷಮೆ ಬಹುಶಃ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಬರುತ್ತೆ.

ಕೊನೆಗೆ ನಮ್ಮವರ ಮಾತು. ಏಣಿ ಹತ್ತಿದ ಮೇಲೆ ಏಣಿ ಒದೆಯೋ ರೋಗ ನಮ್ಮಲ್ಲಿ ಚೆನ್ನಾಗೇ ಇದೆ. "ನಾವು ಮೆರಿಟ್ ಮೇಲೆ ಬಂದೋರು, ಇವರು ಫೀಸು ಕಟ್ಟಿ ಬಂದೋರು" ಅನ್ನೋ ಮಾತಲ್ಲಿ ಅದು ಬರುತ್ತೆ. "ಪಂಜಾಬಿಗಳಿಂದ ಇಂಡಿಯನ್ಸ್ ಹೆಸರು ಹಾಳಾಯ್ತು" ಅನ್ನೋದರಲ್ಲೂ ಅದೇ. ಬಸ್ಸಲ್ಲಿ ನಿಮ್ಮನ್ನ ನೋಡಿ ಮುಖ ಸಿಂಡರಿಸೋನು ನಿಮ್ಮ ಪಾಯಿಂಟ್ ಎಷ್ಟಿತ್ತು ಅಂತ ಕೇಳಲ್ಲ. ಅವನ ಕಣ್ಣಿಗೆ ದ್ವಾರಾಳೂ ಒಂದೇ, ಜಲಂಧರೂ ಒಂದೇ. ವಿದ್ಯಾರ್ಥಿಗಳಾದ ಮೇಲೆ ಸರದಿ ಪಿಆರ್‌ನದು ಅನ್ನೋದು ಆಗಲೇ ಕಾಣ್ತಿದೆ. 2024ಕ್ಕೆ ಪಿಆರ್ ಗುರಿ 4.85 ಲಕ್ಷ ಇತ್ತು. 2026ಕ್ಕೆ 3.8 ಲಕ್ಷ. ಬರೆ ಎಳೆಯೋ ಕಬ್ಬಿಣ ಕಾಯಿಸಿದ ಮೇಲೆ ಒಂದೇ ಎಮ್ಮೆಗೆ ನಿಲ್ಲಿಸಲ್ಲ.

ಬೇರೆ ದಾರಿ ಇಲ್ಲ ಅಂತಲ್ಲ. ಬ್ರ್ಯಾಂಪ್ಟನ್‌ನಲ್ಲಿ 2021ರಲ್ಲಿ ಹುಟ್ಟಿದ ನೌಜವಾನ್ ಸಪೋರ್ಟ್ ನೆಟ್‌ವರ್ಕ್ ಅನ್ನೋ ಗುಂಪಿದೆ. ಅದರಲ್ಲಿರೋರು ವಿದ್ಯಾರ್ಥಿಗಳು, ಟ್ರಕ್ ಡ್ರೈವರ್‌ಗಳು, ಗೋದಾಮು ಕೆಲಸಗಾರರು. ಸಂಬಳ ನುಂಗಿದ ಮಾಲೀಕನ ಅಂಗಡಿ ಮುಂದೆ, ಮನೆ ಮುಂದೆ ಹೋಗಿ ನಿಂತು ಬಾಕಿ ವಸೂಲಿ ಮಾಡಿಕೊಡ್ತಾರೆ. ಆ ಮಾಲೀಕರಲ್ಲಿ ಎಷ್ಟೋ ಜನ ಅವರದೇ ಭಾಷೆಯವರು, ಅವರದೇ ಊರಿನವರು. ಟೊರೊಂಟೊದಲ್ಲಿ 2023ರಲ್ಲಿ ಹಳೇ ಅಪಾರ್ಟ್‌ಮೆಂಟ್‌ಗಳ ನೂರಾರು ಬಾಡಿಗೆದಾರರು ಒಟ್ಟಾಗಿ ಬಾಡಿಗೆ ಕೊಡೋದನ್ನೇ ನಿಲ್ಲಿಸಿ ಮುಷ್ಕರ ಹೂಡಿದರು. ಅವರಲ್ಲಿ ಮೊನ್ನೆ ಬಂದವರೂ ಇದ್ದರು, ಅಲ್ಲೇ ಹುಟ್ಟಿದವರೂ ಇದ್ದರು. ಬಾಡಿಗೆ ಕಟ್ಟೋರು ಒಂದು ಕಡೆ, ಬಾಡಿಗೆ ಎಣಿಸೋರು ಇನ್ನೊಂದು ಕಡೆ ಅನ್ನೋ ಗೆರೆಯನ್ನ ಅವರು ಸರಿಯಾದ ಜಾಗದಲ್ಲಿ ಎಳೆದರು. ಕಾರ್ನಿ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಬಿಲ್ಡ್ ಕೆನಡಾ ಹೋಮ್ಸ್ ಅಂತ ಹೊಸ ಸಂಸ್ಥೆ ಮಾಡಿ 1,300 ಕೋಟಿ ಡಾಲರ್ ಇಟ್ಟಿದೆ. 1993ರಲ್ಲಿ ನಿಲ್ಲಿಸಿದ್ದು ತಪ್ಪು ಅನ್ನೋದಕ್ಕೆ ಇದಕ್ಕಿಂತ ಒಪ್ಪಿಗೆ ಬೇಕಾ? ಒಪ್ಪಿಕೊಂಡ ಮೇಲೂ ಹುಡುಗರ ಮೇಲಿನ ಆರೋಪವನ್ನ ಮಾತ್ರ ವಾಪಸ್ ತಗೊಂಡಿಲ್ಲ.

ಹಾಗಾಗಿ ಇನ್ನೊಂದು ಸಲ ನಿಮ್ಮ ಗ್ರೂಪಲ್ಲಿ "ಸ್ಟೂಡೆಂಟ್‌ಗಳು ಕೆನಡಾ ಕೆಡಿಸಿದರು" ಅಂತ ಫಾರ್ವರ್ಡ್ ಬಂದರೆ ಮೂರು ಇಸವಿ ಬರೆದು ಹಾಕಿ: 1993, 2018, 2019. ಒಂದರಲ್ಲಿ ಮನೆ ನಿಂತಿತು, ಒಂದರಲ್ಲಿ ಬಾಡಿಗೆಯ ಕಡಿವಾಣ ಹೋಯಿತು, ಒಂದರಲ್ಲಿ ಕಾಲೇಜು ಹರಿವಾಣ ಹಿಡಿದು ನಮ್ಮೂರಿಗೆ ಬಂತು. ಈ ಮೂರರಲ್ಲಿ ಯಾವುದಕ್ಕೆ ಆ ಹುಡುಗ ಸಹಿ ಹಾಕಿದ್ದ ಅಂತ ಕೇಳಿ. ಉತ್ತರ ಬರಲ್ಲ. ಆದರೆ ಫಾರ್ವರ್ಡ್ ಮಾಡಿದವನ ಬೆರಳು ಮುಂದಿನ ಸಲ ಒಂದು ಕ್ಷಣ ತಡೆದೀತು.